ಮಂಡಿ ಗುಣವಾಯಿತು, ಮಿದುಳಿಗೆ ಗೊತ್ತಾಯಿತೇ?

ದಸರಾ ಕ್ರೀಡಾಕೂಟಕ್ಕೆ ಕೆಲವೇ ವಾರಗಳಿದ್ದಾಗ ಪಿಯುಸಿ ಓದುವ ಹುಡುಗನೊಬ್ಬನನ್ನು ಅವನ ತಂದೆ ನನ್ನ ಕ್ಲಿನಿಕ್ಕಿಗೆ ಕರೆತಂದರು. ಹುಡುಗ ಒಳ್ಳೆಯ ಕಬಡ್ಡಿ ಆಟಗಾರ. ಐದೂವರೆ ತಿಂಗಳ ಹಿಂದೆ ಬಲ ಮಂಡಿಯ ಲಿಗಮೆಂಟ್ ಹರಿದು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದ. "ಡಾಕ್ಟ್ರೇ, ಈಗ ಏನೂ ನೋವಿಲ್ಲ ಅಂತಾನೆ. ಆಡಬಹುದು ಅಂತ ಒಂದು ಸರ್ಟಿಫಿಕೇಟ್ ಕೊಟ್ಟರೆ ಸಾಕು" ಎಂದರು ತಂದೆ. ನಾನು ಮಂಡಿಯನ್ನು ಮುಟ್ಟಿ ನೋಡಿದೆ. ಊತವಿಲ್ಲ, ಬಿಸಿಯಿಲ್ಲ. ಕಾಲನ್ನು ಪೂರ್ತಿ ಮಡಿಸಿದ, ಪೂರ್ತಿ ಚಾಚಿದ. ಕುಕ್ಕರಗಾಲಿನಲ್ಲಿ ಕೂತು ಎದ್ದ. ಸಹಿ ಹಾಕಿ ಕೊಟ್ಟೆ.

ಮೂರು ವಾರಗಳ ನಂತರ ಅದೇ ಹುಡುಗನನ್ನು ಇಬ್ಬರು ಗೆಳೆಯರು ಹೆಗಲು ಕೊಟ್ಟು ಕರೆತಂದರು. ಅದೇ ಮಂಡಿ ಊದಿಕೊಂಡಿತ್ತು. ಆಟದಲ್ಲಿ ಯಾರೂ ಅವನನ್ನು ಕೆಡವಿರಲಿಲ್ಲ. ದಾಳಿ ಮುಗಿಸಿ ಹಿಂದಿರುಗುವಾಗ ಎಡಗಡೆಯಿಂದ ಎದುರಾಳಿ ನುಗ್ಗಿದ್ದನ್ನು ಕಂಡು ಗಕ್ಕನೆ ತಿರುಗಿದ್ದಾನೆ. ಮಂಡಿಯೊಳಗೆ 'ಟಪ್' ಎಂದ ಹಾಗಾಯಿತಂತೆ. ಹೊಸದಾಗಿ ಜೋಡಿಸಿದ್ದ ಲಿಗಮೆಂಟ್ ಮತ್ತೆ ಹರಿದಿತ್ತು.

ಶಸ್ತ್ರಚಿಕಿತ್ಸೆ ಮಾಡಿದ್ದ ಮೂಳೆ ತಜ್ಞರಿಗೆ ಫೋನ್ ಮಾಡಿದೆ. ಅವರು ನನ್ನನ್ನು ದೂರಲಿಲ್ಲ. ಒಂದೇ ಪ್ರಶ್ನೆ ಕೇಳಿದರು: "ಒಂಟಿ ಕಾಲಿನಲ್ಲಿ ನಿಲ್ಲಿಸಿ, ಕಣ್ಣು ಮುಚ್ಚಿಸಿ ನೋಡಿದ್ರಾ?" ನಾನು ನೋಡಿರಲಿಲ್ಲ. ಮಂಡಿಯನ್ನು ಪರೀಕ್ಷಿಸಿದ್ದೆನೇ ಹೊರತು ಆ ಮಂಡಿಯನ್ನು ನಡೆಸುವ ಮಿದುಳಿನ ಗೊಡವೆಗೇ ಹೋಗಿರಲಿಲ್ಲ. ಈ ವಾರ ಆ ವಿಷಯವನ್ನೇ ಓದುಗರ ಮುಂದಿಡುತ್ತಿದ್ದೇನೆ. ಆಟವಾಡುವ ಮಕ್ಕಳಿರುವ ಮನೆಗಳಲ್ಲಿ, ಸ್ಕೂಟರಿನಿಂದ ಬಿದ್ದು ಮಂಡಿಗೆ ಪೆಟ್ಟು ಮಾಡಿಕೊಂಡವರ ಮನೆಗಳಲ್ಲಿ ಇದು ತಿಳಿದಿರಲೇಬೇಕು.

ಹಗ್ಗವೂ ಹೌದು, ಸುದ್ದಿಗಾರನೂ ಹೌದು

ನಮ್ಮ ಮಂಡಿಯಲ್ಲಿ ಮೇಲಿನ ತೊಡೆಮೂಳೆ ಮತ್ತು ಕೆಳಗಿನ ಕಣಕಾಲ ಮೂಳೆ ಸೇರುತ್ತವೆ. ಇವೆರಡೂ ಒಂದರ ಮೇಲೊಂದು ಜಾರಿ ಹೋಗದಂತೆ ಹಿಡಿದಿಡಲು ಕೀಲಿನ ಸುತ್ತ ಹಾಗೂ ಒಳಗೆ ಗಟ್ಟಿಯಾದ ನಾರಿನ ಪಟ್ಟಿಗಳಿವೆ. ಇವೇ ಅಸ್ಥಿರಜ್ಜುಗಳು, ಅಂದರೆ ಲಿಗಮೆಂಟುಗಳು. ಕೀಲಿನ ನಟ್ಟನಡುವೆ ಎರಡು ರಜ್ಜುಗಳು ಕತ್ತರಿಯ ಹಾಗೆ ಒಂದನ್ನೊಂದು ಹಾದುಹೋಗುತ್ತವೆ. ಅವುಗಳಲ್ಲಿ ಮುಂದಿನದು ಸುಮಾರು 3 ಸೆಂಟಿಮೀಟರ್ ಉದ್ದ, ನಮ್ಮ ಕಿರುಬೆರಳಿನಷ್ಟು ದಪ್ಪ. ವೈದ್ಯರು ಎ.ಸಿ.ಎಲ್. ಎನ್ನುವುದು ಇದನ್ನೇ. ಕಣಕಾಲ ಮೂಳೆ ಮುಂದಕ್ಕೆ ಜಾರದಂತೆ, ಮಂಡಿ ತಿರುಚಿಕೊಳ್ಳದಂತೆ ಇದು ಕಾಯುತ್ತದೆ. ಓಡುತ್ತಿರುವಾಗ ಗಕ್ಕನೆ ನಿಂತರೆ, ಪಾದ ನೆಲಕ್ಕೆ ಕಚ್ಚಿಕೊಂಡಿರುವಾಗ ಮೈ ತಿರುಗಿದರೆ, ನೆಗೆದು ಇಳಿಯುವಾಗ ಮಂಡಿ ಒಳಕ್ಕೆ ವಾಲಿದರೆ ಇದು ಹರಿಯುತ್ತದೆ.

ಬಹಳ ಕಾಲ ವೈದ್ಯರೂ ಇದನ್ನು ಕೇವಲ ಒಂದು ಹಗ್ಗವೆಂದೇ ತಿಳಿದಿದ್ದರು. ಹರಿದ ಹಗ್ಗದ ಜಾಗದಲ್ಲಿ ಇನ್ನೊಂದು ಹಗ್ಗ ಕಟ್ಟಿದರೆ ಕೆಲಸ ಮುಗಿಯಿತು ಎಂಬ ಲೆಕ್ಕ. ಆದರೆ 1984ರಲ್ಲಿ ಮನುಷ್ಯರ ಮಂಡಿಯ ಈ ರಜ್ಜುಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದ ಅಮೆರಿಕದ ಸಂಶೋಧಕರಿಗೆ ಅಲ್ಲಿ ನರಗಳ ತುದಿಗಳು ಕಂಡವು. ರಜ್ಜು ಎಷ್ಟು ಎಳೆಯಲ್ಪಡುತ್ತಿದೆ, ಯಾವ ದಿಕ್ಕಿಗೆ, ಎಷ್ಟು ವೇಗವಾಗಿ ಎಂಬ ಸುದ್ದಿಯನ್ನು ಇಂಥ ತುದಿಗಳು ಬೆನ್ನುಹುರಿಯ ಮೂಲಕ ಮಿದುಳಿಗೆ ಮುಟ್ಟಿಸುತ್ತವೆ. ಅಂದರೆ ಇದು ಮಂಡಿಯನ್ನು ಹಿಡಿದಿಡುವ ಹಗ್ಗವೂ ಹೌದು, ಮಂಡಿಯ ಸುದ್ದಿಗಾರನೂ ಹೌದು.

ನೀವು ಕಣ್ಣು ಮುಚ್ಚಿಕೊಂಡು ಕೂತಿದ್ದರೂ ನಿಮ್ಮ ಕಾಲು ಮಡಿಸಿದೆಯೋ ಚಾಚಿದೆಯೋ ನಿಮಗೆ ಗೊತ್ತಿರುತ್ತದೆ. ಕತ್ತಲಲ್ಲೂ ತುತ್ತು ಬಾಯಿಗೇ ಹೋಗುತ್ತದೆ, ಮೂಗಿಗೆ ಹೋಗುವುದಿಲ್ಲ. ಸ್ನಾಯು, ಕೀಲು, ರಜ್ಜುಗಳಿಂದ ಬರುವ ಈ ಅರಿವಿಗೆ ಬ್ರಿಟನ್ನಿನ ಶರೀರಕ್ರಿಯಾ ವಿಜ್ಞಾನಿ ಚಾರ್ಲ್ಸ್ ಶೆರಿಂಗ್ಟನ್ 1906ರಲ್ಲಿ 'ಪ್ರೊಪ್ರಿಯೋಸೆಪ್ಷನ್' ಎಂದು ಹೆಸರಿಟ್ಟರು. 1932ರಲ್ಲಿ ನೊಬೆಲ್ ಪ್ರಶಸ್ತಿ ಹಂಚಿಕೊಂಡವರು ಅವರು. ಕನ್ನಡದಲ್ಲಿ ಇದನ್ನು ಮೈಯರಿವು ಎನ್ನೋಣ.

ರಜ್ಜು ಹರಿದಾಗ ಅದರೊಳಗಿನ ನರತುದಿಗಳೂ ಹರಿಯುತ್ತವೆ. ಶಸ್ತ್ರಚಿಕಿತ್ಸೆಯಲ್ಲಿ ತೊಡೆಯ ಹಿಂಭಾಗದ ಸ್ನಾಯುವಿನಿಂದಲೋ ಮಂಡಿಚಿಪ್ಪಿನ ಕೆಳಗಿನಿಂದಲೋ ಒಂದು ನಾರಿನ ಪಟ್ಟಿಯನ್ನು ತೆಗೆದು, ಮೂಳೆಗಳಲ್ಲಿ ಸುರಂಗ ಕೊರೆದು ಅಲ್ಲಿ ಕೂರಿಸುತ್ತಾರೆ. ಹಗ್ಗವೇನೋ ಬಂತು. ಆದರೆ ಹಳೆಯ ಸುದ್ದಿಗಾರ ಹಾಗೆಯೇ ಹಿಂದಿರುಗುವುದಿಲ್ಲ. ಹೊಸ ಪಟ್ಟಿಯೊಳಗೆ ರಕ್ತನಾಳಗಳು ಬೆಳೆದು ಅದು ರಜ್ಜುವಿನಂತೆ ಮಾರ್ಪಡಲು ತಿಂಗಳುಗಟ್ಟಲೆ ಬೇಕು. ನರಗಳು ಮೊದಲಿನಷ್ಟು ಪೂರ್ಣವಾಗಿ ಬೆಳೆಯುವುದಂತೂ ಅಪರೂಪ.

ಸುದ್ದಿ ನಿಂತಾಗ ಮಿದುಳು ಮಾಡುವುದೇನು?

ನಾವು ಬೀಳದೆ ನಿಲ್ಲುವುದಕ್ಕೆ ಮಿದುಳು ಮೂರು ಕಡೆಯಿಂದ ಸುದ್ದಿ ತರಿಸಿಕೊಳ್ಳುತ್ತದೆ. ಒಂದು ಕಣ್ಣು, ಎರಡು ಒಳಕಿವಿ, ಮೂರು ಮೈಯರಿವು. ಯಾವುದಾದರೂ ಒಂದು ಕಡಿಮೆಯಾದರೆ ಉಳಿದವು ಅದರ ಹೊರೆ ಹೊರುತ್ತವೆ. 19ನೇ ಶತಮಾನದಲ್ಲಿ ಜರ್ಮನಿಯ ವೈದ್ಯ ಮೋರಿಟ್ಸ್ ರೋಂಬರ್ಗ್, ಬೆನ್ನುಹುರಿಯ ಕಾಯಿಲೆಯಿಂದ ಮೈಯರಿವು ಕಳೆದುಕೊಂಡ ರೋಗಿಗಳು ಕಣ್ಣು ತೆರೆದಿರುವಾಗ ನಿಲ್ಲಬಲ್ಲವರಾಗಿದ್ದು, ಕಣ್ಣು ಮುಚ್ಚಿದೊಡನೆ ತೂರಾಡುವುದನ್ನು ವರ್ಣಿಸಿದರು. ಅಂಥವರು ಮುಖ ತೊಳೆಯಲು ಬಗ್ಗಿ ಕಣ್ಣು ಮುಚ್ಚಿದರೂ ಸಾಕು, ಮುಗ್ಗರಿಸುತ್ತಾರೆ. ಇಂದಿಗೂ ವೈದ್ಯರು ಮಾಡುವ ರೋಂಬರ್ಗ್ ಪರೀಕ್ಷೆ ಇದೇ.

ಮಂಡಿಯ ರಜ್ಜು ಹರಿದವರಲ್ಲಿ ಆಗುವ ನಷ್ಟ ಅಷ್ಟು ದೊಡ್ಡದಲ್ಲ. ಆದರೆ ಮಿದುಳು ಹಿಡಿಯುವ ದಾರಿ ಅದೇ. 1996ರಲ್ಲಿ ಇಟಲಿಯ ವೈದ್ಯರು ಇಂಥ ರೋಗಿಗಳ ಮಂಡಿಯ ಬಳಿಯ ನರಕ್ಕೆ ಸಣ್ಣ ವಿದ್ಯುತ್ ಪ್ರಚೋದನೆ ಕೊಟ್ಟು, ಅದು ನೆತ್ತಿಯಲ್ಲಿ ಮೂಡಿಸುವ ಅಲೆಯನ್ನು ಅಳೆದರು. ಕೆಲವರಲ್ಲಿ ಬರಬೇಕಾಗಿದ್ದ ಒಂದು ಅಲೆ ಬರಲೇ ಇಲ್ಲ. 1999ರಲ್ಲಿ ಅದೇ ತಂಡ ಇನ್ನೊಂದು ಸಂಗತಿಯನ್ನು ತಿಳಿಸಿತು. ಶಸ್ತ್ರಚಿಕಿತ್ಸೆಯಿಂದ ಮಂಡಿ ಗಟ್ಟಿಯಾದ ಮೇಲೂ ಮಾಯವಾಗಿದ್ದ ಅಲೆ ಹಿಂದಿರುಗಿರಲಿಲ್ಲ.

2008ರಲ್ಲಿ ಜರ್ಮನಿಯ ಸಂಶೋಧಕರು ತಲೆಗೆ ಇ.ಇ.ಜಿ. ತಂತಿಗಳನ್ನು ಜೋಡಿಸಿ, ಮಂಡಿಯನ್ನು ಒಂದು ನಿಗದಿತ ಕೋನಕ್ಕೆ ತರುವಂತೆ ಹೇಳಿದರು. ಶಸ್ತ್ರಚಿಕಿತ್ಸೆಯಾದವರಲ್ಲಿ ಹಣೆಯ ಭಾಗದ ಮಿದುಳು, ಅಂದರೆ ಗಮನ ಕೊಡುವ ಭಾಗ, ಇತರರಿಗಿಂತ ಹೆಚ್ಚು ದುಡಿಯುತ್ತಿತ್ತು. 2017ರಲ್ಲಿ ಅಮೆರಿಕದಲ್ಲಿ ಶಸ್ತ್ರಚಿಕಿತ್ಸೆಯಾದ 15 ಮಂದಿ ಮತ್ತು ಆರೋಗ್ಯವಂತರಾದ 15 ಮಂದಿಯನ್ನು ಎಂ.ಆರ್.ಐ. ಯಂತ್ರದೊಳಗೆ ಮಲಗಿಸಿ ಮಂಡಿ ಮಡಿಸಿ ಚಾಚಿಸಿದರು. ಯಂತ್ರದೊಳಗೆ ಕಾಲು ಕಾಣುವುದಿಲ್ಲ. ಆದರೂ ಶಸ್ತ್ರಚಿಕಿತ್ಸೆಯಾದವರ ಮಿದುಳಿನಲ್ಲಿ ದೃಷ್ಟಿಗೆ ಸಂಬಂಧಿಸಿದ ಒಂದು ಭಾಗ ಹೆಚ್ಚು ಚುರುಕಾಗಿತ್ತು. ಶಸ್ತ್ರಚಿಕಿತ್ಸೆಯಾಗಿ ತಿಂಗಳುಗಳಲ್ಲ, ವರ್ಷಗಳೇ ಕಳೆದಿದ್ದವು.

ಇವೆಲ್ಲ ಸಣ್ಣ ಗುಂಪುಗಳ ಮೇಲೆ ನಡೆದ ಅಧ್ಯಯನಗಳು. ಒಬ್ಬೊಬ್ಬ ರೋಗಿಯ ಬಗ್ಗೆ ಭವಿಷ್ಯ ಹೇಳಲು ಇವು ಸಾಲವು. ಆದರೆ ಒಟ್ಟಿಗೆ ಇಟ್ಟು ನೋಡಿದರೆ ತೋರುವ ದಾರಿ ಒಂದೇ. ಮೊದಲು ಮೈಯರಿವಿನಿಂದ ತನ್ನಷ್ಟಕ್ಕೇ ನಡೆಯುತ್ತಿದ್ದ ಕೆಲಸಕ್ಕೆ ಈಗ ಕಣ್ಣು ಬೇಕು, ಗಮನ ಬೇಕು.

ಮೊದಲು ಸೈಕಲ್ ಕಲಿತ ದಿನಗಳನ್ನು ನೆನಪಿಸಿಕೊಳ್ಳಿ. ಹ್ಯಾಂಡಲ್ ನೋಡುತ್ತಾ, ಪೆಡಲ್ ನೋಡುತ್ತಾ ಹೋಗುವಾಗ ಯಾರಾದರೂ ಮಾತಾಡಿಸಿದರೆ ಬಿದ್ದೇಬಿಡುತ್ತಿದ್ದೆವು. ಪಳಗಿದ ಮೇಲೆ ಹರಟುತ್ತಲೇ ಮೈಲಿಗಟ್ಟಲೆ ಹೋಗುತ್ತಿದ್ದೆವು. ಲಿಗಮೆಂಟ್ ಹರಿದವರ ಮಿದುಳು ಆ ಮಂಡಿಯ ಮಟ್ಟಿಗೆ ಮತ್ತೆ ಹೊಸದಾಗಿ ಸೈಕಲ್ ಕಲಿಯುವ ಹುಡುಗನ ಸ್ಥಿತಿಗೆ ಬಂದಿರುತ್ತದೆ.

ಅಪಾಯ ಎಲ್ಲಿದೆ?

ಕ್ಲಿನಿಕ್ಕಿನಲ್ಲಿ, ಬೆಳಕಿರುವ ಕೋಣೆಯಲ್ಲಿ, ಸಮತಟ್ಟಾದ ನೆಲದ ಮೇಲೆ, ತನ್ನ ಮಂಡಿಯನ್ನೇ ಗಮನಿಸುತ್ತಾ ನಿಂತ ಹುಡುಗನಿಗೆ ಯಾವ ತೊಂದರೆಯೂ ಕಾಣುವುದಿಲ್ಲ. ನನ್ನನ್ನು ಏಮಾರಿಸಿದ್ದು ಇದೇ. ಆಟದ ಅಂಗಳದಲ್ಲಿ ಕಣ್ಣು ಎದುರಾಳಿಯ ಮೇಲಿರುತ್ತದೆ, ಕಿವಿ ಜೊತೆಗಾರರ ಕೂಗಿನ ಮೇಲಿರುತ್ತದೆ, ಬಾಯಲ್ಲಿ 'ಕಬಡ್ಡಿ ಕಬಡ್ಡಿ' ನಡೆದಿರುತ್ತದೆ. ಮಂಡಿಯ ಕಾವಲಿಗೆ ಕಣ್ಣೂ ಉಳಿಯುವುದಿಲ್ಲ, ಗಮನವೂ ಉಳಿಯುವುದಿಲ್ಲ. ರಜ್ಜು ಹರಿಯುವುದಕ್ಕೆ ಒಂದು ಕ್ಷಣ ಸಾಕು.

ಆಟವಾಡದವರಿಗೂ ಇದರ ಬಿಸಿ ತಟ್ಟುತ್ತದೆ. ಸ್ಕೂಟರಿನಿಂದ ಬಿದ್ದು ಲಿಗಮೆಂಟ್ ಹರಿದು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದ ಶಿಕ್ಷಕಿಯೊಬ್ಬರು, "ಹಗಲು ಚೆನ್ನಾಗಿ ನಡೀತೀನಿ ಡಾಕ್ಟ್ರೇ. ರಾತ್ರಿ ಕರೆಂಟು ಹೋದರೆ ಮಾತ್ರ ಕಾಲು ನನ್ನದಲ್ಲ ಅನ್ನಿಸುತ್ತೆ" ಎಂದಿದ್ದರು. ಕತ್ತಲಾದಾಗ ಅವರು ನೆಚ್ಚಿಕೊಂಡಿದ್ದ ಕಣ್ಣಿನ ಸಹಾಯವೂ ತಪ್ಪುತ್ತಿತ್ತು. ಇಂಥವರು ಒದ್ದೆಯಾದ ಬಚ್ಚಲು, ಬಸ್ಸಿನ ಮೆಟ್ಟಿಲು, ತಲೆಯ ಮೇಲೆ ಹೊರೆ ಹೊತ್ತು ಇಳಿಯುವ ಗದ್ದೆಯ ಬದು, ಇಂಥ ಕಡೆಗಳಲ್ಲಿ ಎಚ್ಚರವಾಗಿರಬೇಕು.

ತೊಡೆ ಬಡವಾಗುವುದೇಕೆ?

ಶಸ್ತ್ರಚಿಕಿತ್ಸೆಯ ನಂತರ ತೊಡೆಯ ಮುಂಭಾಗದ ಸ್ನಾಯು ಸೊರಗುವುದನ್ನು ಮನೆಯವರೆಲ್ಲ ಗಮನಿಸಿರುತ್ತಾರೆ. "ಸರಿಯಾಗಿ ಊಟ ಮಾಡಲ್ಲ", "ಸೋಮಾರಿ, ವ್ಯಾಯಾಮ ಮಾಡಲ್ಲ" ಎಂದು ಬೈಯುವುದೂ ಉಂಟು. ಇದರಲ್ಲೂ ನರಮಂಡಲದ ಪಾತ್ರವಿದೆ. 1984ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಆರೋಗ್ಯವಂತರ ಮಂಡಿಯೊಳಗೆ ಕೇವಲ 20ರಿಂದ 30 ಮಿಲಿಲೀಟರ್ ಸಲೈನ್, ಅಂದರೆ ನಾಲ್ಕರಿಂದ ಆರು ಚಹಾ ಚಮಚದಷ್ಟು, ಸೇರಿಸಿದರು. ಅಷ್ಟಕ್ಕೇ ತೊಡೆಯ ಒಳಭಾಗದ ಸ್ನಾಯುವಿಗೆ ಹೋಗುವ ಆಜ್ಞೆ ಕುಗ್ಗಿತು. ಊದಿದ ಕೀಲಿನಿಂದ ಹೋಗುವ ಸಂಕೇತಗಳು ಬೆನ್ನುಹುರಿಯ ಮಟ್ಟದಲ್ಲೇ ಆ ಸ್ನಾಯುವಿಗೆ ಬೀಗ ಹಾಕುತ್ತವೆ. ಆದ್ದರಿಂದ ಊತ ಇಳಿಸುವುದು ಕೇವಲ ನೋವಿನ ಪ್ರಶ್ನೆಯಲ್ಲ, ಸ್ನಾಯುವನ್ನು ಎಚ್ಚರಿಸುವ ಮೊದಲ ಹೆಜ್ಜೆ. ಮೊದಲ ವಾರಗಳಲ್ಲಿ ವೈದ್ಯರು ಕಾಲನ್ನು ದಿಂಬಿನ ಮೇಲೆ ಎತ್ತರಿಸಿಡಲು, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಇಡಲು, ತೊಡೆಯನ್ನು ಬಿಗಿಹಿಡಿದು ಸಡಿಲಿಸಲು ಹೇಳುವುದು ಈ ಕಾರಣಕ್ಕೆ.

ಮಿದುಳಿಗೂ ಬೇಕು ವ್ಯಾಯಾಮ

ಮಿದುಳು ಹೊಸದನ್ನು ಕಲಿಯಬಲ್ಲದು. ತಪ್ಪು ದಾರಿಯನ್ನು ಕಲಿತ ಹಾಗೆಯೇ ಸರಿ ದಾರಿಯನ್ನೂ ಕಲಿಯಬಲ್ಲದು. ಮಂಡಿಯ ಇತರ ಭಾಗಗಳಲ್ಲಿ, ಸುತ್ತಲಿನ ಸ್ನಾಯುಗಳಲ್ಲಿ, ಪಾದದಲ್ಲಿ, ಸೊಂಟದಲ್ಲಿ ಇನ್ನೂ ಬೇಕಾದಷ್ಟು ಸುದ್ದಿಗಾರರಿದ್ದಾರೆ. ಅವರ ಮಾತಿಗೆ ಕಿವಿಗೊಡುವಂತೆ ಮಿದುಳನ್ನು ಪಳಗಿಸಬೇಕು. ಅದಕ್ಕೆ ಮಾತ್ರೆಯಿಲ್ಲ, ಟಾನಿಕ್ಕಿಲ್ಲ. ಅಭ್ಯಾಸವೊಂದೇ ದಾರಿ.

ಕೆಳಗಿನವು ನಿಮ್ಮ ಮೂಳೆ ತಜ್ಞರು ಕಾಲಿನ ಮೇಲೆ ಪೂರ್ತಿ ಭಾರ ಹಾಕಲು ಒಪ್ಪಿಗೆ ಕೊಟ್ಟ ಮೇಲೆ, ಫಿಸಿಯೋಥೆರಪಿಸ್ಟ್ ಒಬ್ಬರು ತೋರಿಸಿಕೊಟ್ಟ ನಂತರ ಮಾಡಬೇಕಾದವು. ಗೋಡೆಯ ಪಕ್ಕ ಅಥವಾ ಗಟ್ಟಿಯಾದ ಮೇಜಿನ ಪಕ್ಕ, ಒಣನೆಲದ ಮೇಲೆ, ಮನೆಯವರೊಬ್ಬರು ಹತ್ತಿರವಿರುವಾಗ ಮಾಡಿ.

1. ಮೊದಲು ಎರಡೂ ಕಾಲಿನ ಮೇಲೆ ಸಮವಾಗಿ ನಿಲ್ಲುವುದನ್ನು ಕಲಿಯಿರಿ. ಅನೇಕರು ತಮಗೆ ತಿಳಿಯದೆಯೇ ಒಳ್ಳೆಯ ಕಾಲಿನ ಮೇಲೆ ಭಾರ ಹಾಕಿ ನಿಂತಿರುತ್ತಾರೆ. ಎರಡು ತೂಕದ ಯಂತ್ರಗಳಿದ್ದರೆ ಒಂದೊಂದರ ಮೇಲೆ ಒಂದೊಂದು ಕಾಲಿಟ್ಟು ನೋಡಿ. ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

2. ನಂತರ ಒಂಟಿ ಕಾಲಿನ ಮೇಲೆ, ಮಂಡಿಯನ್ನು ಸ್ವಲ್ಪವೇ ಬಾಗಿಸಿ ನಿಲ್ಲಿ. ಎರಡೂ ಕಾಲಿಗೆ ಅಭ್ಯಾಸ ಕೊಡಿ. ಒಂದು ಮಂಡಿಗೆ ಪೆಟ್ಟಾದವರಲ್ಲಿ ಇನ್ನೊಂದು ಕಾಲಿನ ಸಮತೋಲವೂ ಕುಗ್ಗಿರಬಹುದು. ಎರಡನ್ನೂ ಆಳುವ ಮಿದುಳು ಒಂದೇ ತಾನೆ?

3. ಅದು ಸಲೀಸಾದ ಮೇಲೆ ಕಣ್ಣಿನ ನೆರವನ್ನು ಕಡಿಮೆ ಮಾಡಿ. ಮೊದಲು ತಲೆಯನ್ನು ಅತ್ತಿತ್ತ ತಿರುಗಿಸುತ್ತಾ ನಿಲ್ಲಿ. ಆಮೇಲೆ ಗೋಡೆಗೆ ಬೆರಳು ತಾಗಿಸಿಕೊಂಡು ಕೆಲವು ಸೆಕೆಂಡು ಕಣ್ಣು ಮುಚ್ಚಿ.

4. ಮುಂದೆ ಗಮನವನ್ನು ಬೇರೆ ಕಡೆ ಸೆಳೆಯಬೇಕು. ಒಂಟಿ ಕಾಲಿನಲ್ಲಿ ನಿಂತು ಹದಿಮೂರರ ಮಗ್ಗಿ ಹೇಳಿ, ಅಥವಾ ನೂರರಿಂದ ಏಳೇಳು ಕಳೆಯುತ್ತಾ ಬನ್ನಿ. ಮನೆಯ ಮಕ್ಕಳು ಚೆಂಡು ಎಸೆಯಲಿ, ನೀವು ಹಿಡಿಯಿರಿ.

5. ಹೇಳಿಕೊಡುವವರು ಮಾತನ್ನು ಬದಲಿಸಿದರೆ ಕಲಿಕೆ ಸುಲಭವಾಗುತ್ತದೆ. "ಮಂಡಿ ಬಗ್ಗಿಸು, ಮಂಡಿ ಒಳಗೆ ಬಿಡಬೇಡ" ಎಂದರೆ ಗಮನವೆಲ್ಲ ಮಂಡಿಗೇ ಹೋಗುತ್ತದೆ. "ಸದ್ದಾಗದಂತೆ ಇಳಿ", "ಆ ಗೆರೆಯ ಮೇಲೆ ಕಾಲಿಡು" ಎಂದರೆ ಮಿದುಳು ತನ್ನಷ್ಟಕ್ಕೇ ಮಂಡಿಯನ್ನು ಹೊಂದಿಸಿಕೊಳ್ಳುತ್ತದೆ. ಚಲನೆಯ ಕಲಿಕೆಯನ್ನು ಅಧ್ಯಯನ ಮಾಡಿದ ವಿಜ್ಞಾನಿಗಳು 1998ರಿಂದೀಚೆಗೆ ಈ ವ್ಯತ್ಯಾಸವನ್ನು ಮತ್ತೆ ಮತ್ತೆ ಕಂಡಿದ್ದಾರೆ.

ನೆಗೆತ, ಓಟ, ದಿಕ್ಕು ಬದಲಿಸುವುದು ಇವೆಲ್ಲ ಇನ್ನೂ ಮುಂದಿನ ಮೆಟ್ಟಿಲುಗಳು. ಅವುಗಳನ್ನು ಮನೆಯಲ್ಲಿ ಸ್ವಂತ ಬುದ್ಧಿಯಿಂದ ಶುರು ಮಾಡಬೇಡಿ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವುದು, ಕುಕ್ಕರಗಾಲಿನಲ್ಲಿ ಕೂರುವುದು ಯಾವಾಗಿನಿಂದ ಎಂಬುದನ್ನೂ ನಿಮ್ಮ ತಜ್ಞರನ್ನೇ ಕೇಳಿ. ಜೊತೆಗೆ ಹರಿದ ಮೃದ್ವಸ್ಥಿಯ ಗಾದಿಗೆ ಹೊಲಿಗೆ ಹಾಕಿದ್ದರೆ ಲೆಕ್ಕ ಬೇರೆಯಾಗುತ್ತದೆ. ಶಸ್ತ್ರಚಿಕಿತ್ಸೆಯ ನಂತರದ ದಿನಗಳಲ್ಲಿ ಜ್ವರ, ಗಾಯದಿಂದ ಕೀವು, ಮೀನಖಂಡದಲ್ಲಿ ಊತ ಮತ್ತು ನೋವು, ಎದೆನೋವು ಅಥವಾ ಉಸಿರಾಟದ ತೊಂದರೆ ಕಂಡರೆ ವ್ಯಾಯಾಮದ ಮಾತು ಬದಿಗಿಟ್ಟು ತಕ್ಷಣ ಆಸ್ಪತ್ರೆಗೆ ಹೋಗಬೇಕು.

"ಹಾಗಾದರೆ ಮಿದುಳಿನ ಸ್ಕ್ಯಾನ್ ಮಾಡಿಸಬೇಕೇ?" ಎಂದು ಕೆಲವರು ಕೇಳುತ್ತಾರೆ. ಬೇಡ. ಮೇಲೆ ಹೇಳಿದ ಪರೀಕ್ಷೆಗಳು ಸಂಶೋಧನೆಗಾಗಿ ಮಾಡಿದವು. ನಿಮ್ಮ ಚಿಕಿತ್ಸೆಗೆ ಅವುಗಳಿಂದ ಏನೂ ಸಿಗದು. ಆ ಹಣವನ್ನು ಫಿಸಿಯೋಥೆರಪಿಗೆ ಉಳಿಸಿಕೊಳ್ಳಿ.

ಎಷ್ಟು ಕಾಲ ಕಾಯಬೇಕು?

ಎಲ್ಲ ತಂದೆತಾಯಿಯರೂ ಕೇಳುವ ಪ್ರಶ್ನೆ ಇದು. 2016ರಲ್ಲಿ ಪ್ರಕಟವಾದ ನಾರ್ವೆ ಮತ್ತು ಅಮೆರಿಕದ ಸಂಶೋಧಕರ ಅಧ್ಯಯನವೊಂದರಲ್ಲಿ, ಶಸ್ತ್ರಚಿಕಿತ್ಸೆಯಾದವರನ್ನು ಎರಡು ವರ್ಷ ಗಮನಿಸಿದರು. ಆಟಕ್ಕೆ ಹಿಂದಿರುಗುವುದನ್ನು ಒಂಬತ್ತು ತಿಂಗಳವರೆಗೆ ಒಂದೊಂದು ತಿಂಗಳು ಮುಂದೂಡಿದಂತೆಲ್ಲ ಮಂಡಿಗೆ ಮತ್ತೆ ಪೆಟ್ಟಾಗುವ ಪ್ರಮಾಣ ಸುಮಾರು ಅರ್ಧದಷ್ಟು ಇಳಿಯುತ್ತಾ ಬಂತು. ಅದೇ ವರ್ಷ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ಇನ್ನೊಂದು ವರದಿಯ ಪ್ರಕಾರ, ಆಟಕ್ಕೆ ಹಿಂದಿರುಗಿದ 25 ವರ್ಷದೊಳಗಿನವರಲ್ಲಿ ನೂರಕ್ಕೆ 23 ಮಂದಿಗೆ ಅದೇ ಮಂಡಿಯಲ್ಲೋ ಇನ್ನೊಂದರಲ್ಲೋ ಮತ್ತೆ ರಜ್ಜು ಹರಿದಿತ್ತು. ಹದಿಹರೆಯದವರಿಗೆ ಅವಸರ ಹೆಚ್ಚು, ಅಪಾಯವೂ ಹೆಚ್ಚು.

ಆದ್ದರಿಂದ ಕನಿಷ್ಠ ಒಂಬತ್ತು ತಿಂಗಳು ಕಾಯಬೇಕು. ಒಂಬತ್ತು ತಿಂಗಳು ತುಂಬಿದ ಮಾತ್ರಕ್ಕೆ ಆಡಬಹುದೆಂದೂ ಅಲ್ಲ. ತೊಡೆಯ ಬಲ ಎರಡೂ ಕಡೆ ಸಮಸಮವಾಗಿದೆಯೇ, ಒಂಟಿ ಕಾಲಿನಲ್ಲಿ ನೆಗೆದ ದೂರದಲ್ಲಿ ವ್ಯತ್ಯಾಸವಿದೆಯೇ, ಇಳಿಯುವಾಗ ಮಂಡಿ ಒಳಕ್ಕೆ ವಾಲುತ್ತದೆಯೇ, ಗಮನ ಬೇರೆಡೆ ಇದ್ದಾಗಲೂ ಕಾಲು ಸ್ಥಿರವಾಗಿದೆಯೇ, ಆಟಗಾರನ ಮನಸ್ಸಿನಲ್ಲಿ ಅಳುಕಿದೆಯೇ ಎಂಬುದನ್ನೆಲ್ಲ ಪರೀಕ್ಷಿಸಿ ತೀರ್ಮಾನಿಸಬೇಕು. ಯಾವ ಒಂದು ಪರೀಕ್ಷೆಯೂ ಪೂರ್ಣ ಭರವಸೆ ಕೊಡಲಾರದು. 'ನೋವಿಲ್ಲ' ಎಂಬ ಒಂದೇ ಮಾತನ್ನು ನಂಬಿ ಸಹಿ ಹಾಕುವುದಂತೂ ಕೂಡದು. ನಾನು ಹಾಕಿದ್ದೆ.

ಆ ಹುಡುಗನಿಗೆ ಎರಡನೆಯ ಶಸ್ತ್ರಚಿಕಿತ್ಸೆಯಾಯಿತು. ಆ ವರ್ಷದ ಆಟವೂ ಹೋಯಿತು, ಪರೀಕ್ಷೆಯ ಓದಿಗೂ ಪೆಟ್ಟು ಬಿತ್ತು. ಈ ಸಲ ಅವನ ಅಭ್ಯಾಸಕ್ಕೆ ಮನೆಮಂದಿಯೆಲ್ಲ ನಿಂತರು. ಅವನು ಹಜಾರದಲ್ಲಿ ಒಂಟಿ ಕಾಲಿನಲ್ಲಿ ನಿಂತರೆ ತಂಗಿ ಚೆಂಡು ಎಸೆಯುತ್ತಿದ್ದಳು, ಅಡುಗೆಮನೆಯಿಂದ ತಾಯಿ ಮಗ್ಗಿ ಕೇಳುತ್ತಿದ್ದರು. ಹತ್ತು ತಿಂಗಳಾದ ಮೇಲೆ ತಂದೆಯೊಂದಿಗೆ ಮತ್ತೆ ಬಂದ. ನಾನು ಅವನನ್ನು ಒಂಟಿ ಕಾಲಿನಲ್ಲಿ ನಿಲ್ಲಿಸಿ ಕಣ್ಣು ಮುಚ್ಚಲು ಹೇಳಿದೆ. ಎಡಗಾಲಿನ ಮೇಲೆ ಕಂಬದ ಹಾಗೆ ನಿಂತ. ಬಲಗಾಲಿನ ಮೇಲೆ ಸ್ವಲ್ಪ ಹೊತ್ತಿನಲ್ಲೇ ಮೈ ತೂಗಿತು, ಕೈ ಮೇಜನ್ನು ಹುಡುಕಿತು.

ನಾನು ಪೆನ್ನು ತೆಗೆಯುವ ಮೊದಲೇ ಅವನ ತಂದೆ ಹೇಳಿದರು: "ಇನ್ನೆರಡು ತಿಂಗಳು ಬಿಟ್ಟು ಬರ್ತೀವಿ ಡಾಕ್ಟ್ರೇ. ಅವಸರ ಏನಿಲ್ಲ."